ಬಾಯಿ ನೋಡಿ ಅಳೆದ ಬಾವಿ

1995ರ ಏಪ್ರಿಲ್‌ನಲ್ಲಿ ನಾನು ಕೂಡ್ಲಿಗಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಿರಿಯ ಆರೋಗ್ಯ ಸಹಾಯಕನಾಗಿ ಹಾಜರಾದೆ. ಅದು ನನ್ನ ಎರಡನೆಯ ಪೋಸ್ಟಿಂಗ್. ಮೊದಲ ಎರಡು ವರ್ಷ ಹೂವಿನಹಡಗಲಿ ಕಡೆ, ನನ್ನ ಹುಟ್ಟೂರು ಇಟ್ಟಿಗಿಗೆ ಹತ್ತಿರದಲ್ಲೇ ಕಳೆದಿದ್ದೆ. ಇಲ್ಲಿ ನನ್ನ ಪಾಲಿಗೆ ಬಂದದ್ದು ಕೊಟ್ಟೂರು ರಸ್ತೆಯ ಆಚೀಚೆ ಹರಡಿದ ಐದು ಹಳ್ಳಿಗಳು, ಒಂದು ಹಳೆಯ ಸೈಕಲ್ಲು, ಒಂದು ಅಳತೆ ಟೇಪು ಮತ್ತು ಬಾವಿಗಳ ರಿಜಿಸ್ಟರ್. ಆ ಐದರಲ್ಲಿ ಒಂದು ಊರಿನ ಬಗ್ಗೆ ಈಗ ಬರೆಯುತ್ತಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಅದು ನನ್ನ ದೊಡ್ಡ ಮನಸ್ಸು ಎಂದು ಯಾರೂ ತಿಳಿಯಬೇಕಾಗಿಲ್ಲ. ಹೆಸರು ಬರೆದರೆ ಆ ಊರೊಂದೇ ಹಾಗಿತ್ತು ಎಂದುಕೊಂಡು ಉಳಿದ ಊರಿನವರು ನಿರಾಳವಾಗಿ ಬಿಡುತ್ತಾರೆ, ಅಷ್ಟೆ.

ನಮ್ಮ ಕೆಲಸದಲ್ಲಿ ಕುಡಿಯುವ ನೀರಿನ ಬಾವಿಗಳಿಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕುವುದೂ ಒಂದು. ಕೇಳಲು ಸುಲಭ. ಆದರೆ ಎಷ್ಟು ಹಾಕಬೇಕು ಎಂದು ತಿಳಿಯಬೇಕಾದರೆ ಬಾವಿಯಲ್ಲಿ ಎಷ್ಟು ನೀರಿದೆ ಎಂದು ಮೊದಲು ತಿಳಿಯಬೇಕು. ಅದಕ್ಕೆ ಘನಫಲ ಲೆಕ್ಕ ಹಾಕಬೇಕು. ಬಾವಿ ದುಂಡಗಿದ್ದರೆ ಅದು ಸಿಲಿಂಡರ್ ಆಕಾರ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದಲೂ 3.14ರಿಂದಲೂ ಗುಣಿಸಿ, ನಾಲ್ಕರಿಂದ ಭಾಗಿಸಿದರೆ ಎಷ್ಟು ಘನ ಮೀಟರ್ ನೀರಿದೆ ಎಂದು ಗೊತ್ತಾಗುತ್ತದೆ. ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪೌಡರ್. ಕಾಯಿಲೆ ಕಾಣಿಸಿಕೊಂಡರೆ ಅದರ ಎರಡರಷ್ಟು. ತರಬೇತಿಯಲ್ಲಿ ಇದನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಲೆಕ್ಕದಲ್ಲಿ ನಾನು ಚುರುಕು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತೊಂದು ತೆಗೆದವನು ಎಂಬ ಕೊಬ್ಬು ಬೇರೆ ಇತ್ತು. ಆ ಕೊಬ್ಬಿನ ಮಾತು ಮುಂದೆ ಬರುತ್ತದೆ.

ಆ ಊರಿಗೆ ಮೊದಲ ಸಲ ಹೋದ ದಿನ ಪಂಚಾಯಿತಿ ಮೆಂಬರು ಚನ್ನಬಸಪ್ಪನವರು ತಮ್ಮ ಕಟ್ಟೆಯ ಮೇಲೆ ಕೂತಿದ್ದರು. ಐವತ್ತು ದಾಟಿದವರು, ಮಾತು ಬಹಳ ಮೆತ್ತಗೆ. ನನ್ನ ಹೆಸರು ಕೇಳಿದರು, ಊರು ಕೇಳಿದರು. ಇಟ್ಟಿಗಿ ಎಂದೆ. ಆಮೇಲೆ ಆ ಪ್ರಶ್ನೆ ಬಂತು.

"ಇಟ್ಟಿಗ್ಯಾಗ ಯಾರ ಪೈಕಿ ಆದಂಗಾತು, ತಮ್ಮಾ?"

ಹೇಳಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ತರಿಸಲು ಹೇಳಿದ್ದ ಚಹಾ ಮಾತ್ರ ಬರಲಿಲ್ಲ.

ಬಾವಿ ಮೇಲಿನ ಓಣಿಯ ನಡುವೆ ಇತ್ತು. ಸುತ್ತ ಸಿಮೆಂಟು ಮಾಡಿದ ದೊಡ್ಡ ಕಟ್ಟೆ, ಹತ್ತು ಹೆಜ್ಜೆಗಿಂತ ಹೆಚ್ಚೇ ಅಗಲ. ಅದರ ನಡುವೆ ಸೊಂಟದೆತ್ತರದ ದುಂಡು ಗೋಡೆ. ಗೋಡೆಯ ಮೇಲೆ ನಾಲ್ಕು ರಾಟೆ. ಕಟ್ಟೆಯ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಕೊಡ ತಿಕ್ಕುತ್ತಿದ್ದರು. ಕಟ್ಟೆಯಿಂದ ಇಪ್ಪತ್ತು ಅಡಿ ಈಚೆಗೆ ಒಂದು ಬೇವಿನ ಮರ. ಚನ್ನಬಸಪ್ಪನವರು ಮರದ ಬುಡದಲ್ಲಿ ನಿಂತು ಹೇಳಿದರು:

"ನೀವು ಇಲ್ಲೇ ಇರ್ರಿ. ನಮಗೇನೂ ಇಲ್ಲಪ, ಗೌರ್ಮೆಂಟಿನವ್ರು ನೀವು. ಹೆಂಗಸ್ರು ಗಲಾಟಿ ಮಾಡ್ತಾರ. ಔಷಧಿ ಹಾಕಾಕ ನಮ್ಮ ಹಾಲಮ್ಮ ಅದಾಳ."

ನಾನು ಕಾನೂನು ಗೊತ್ತಿದ್ದವನು. ಯಾವ ಕಾಯ್ದೆ, ಎಂಥ ಶಿಕ್ಷೆ, ಎಲ್ಲ ಗೊತ್ತಿತ್ತು. ಆದರೆ ಅದೇ ಊರಿಗೆ ವಾರಕ್ಕೆ ಎರಡು ಸಲ ಸೈಕಲ್ ತುಳಿದುಕೊಂಡು ಬರಬೇಕಾದವನೂ ನಾನೇ. ಮರದ ಕೆಳಗೆ ನಿಂತೆ. ಇಂದಿಗೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಆ ನಿಲ್ಲುವಿಕೆಗೆ. ಒದ್ದು ನಿಲ್ಲಿಸಿದ್ದರೆ ಬೇರೆ ಮಾತು. ಮೆತ್ತಗೆ ಹೇಳಿದರು, ನಾನು ಮೆತ್ತಗೆ ನಿಂತೆ.

ಹಾಲಮ್ಮ ಅಲ್ಲಿನ ಅಂಗನವಾಡಿ ಕಾರ್ಯಕರ್ತೆ. ಮೂವತ್ತರ ಆಸುಪಾಸಿನ ಹೆಂಗಸು; ತವರು ಹಡಗಲಿ ಹತ್ತಿರ ಮಲ್ಲಿಗೆ ತೋಟದ ಮನೆ. ಈ ಊರಿಗೆ ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತಂತೆ. ಗಂಡ ಕೊಟ್ಟೂರಿನ ಒಂದು ಕಾಳುಕಡಿಯ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅತ್ತೆ ನೀಲಮ್ಮ ಕಡಕ್ ಮುದುಕಿ, ಬಾವಿಕಟ್ಟೆಯ ಮೇಲೆ ಯಾರು ಹತ್ತಬೇಕು, ಯಾರು ಹತ್ತಬಾರದು ಎಂಬುದರ ಕಾವಲುಗಾರ್ತಿ. ಹಾಲಮ್ಮನಿಗೆ ಬಾಯಿ ಜೋರು, ನಗು ಇನ್ನೂ ಜೋರು. "ಸರ, ನೀವು ಲೆಕ್ಕ ಹೇಳ್ರಿ, ನಾನು ಕೈ ಆಡಿಸ್ತೀನಿ. ಇಬ್ರೂ ಸೇರಿ ಒಬ್ಬ ಪೂರಾ ನೌಕರ ಆಗ್ತೀವಿ" ಎಂದು ಮೊದಲ ದಿನವೇ ತಮಾಷೆ ಮಾಡಿದಳು.

ಹಳೆಯ ರಿಜಿಸ್ಟರಿನಲ್ಲಿ ಆ ಬಾವಿಯ ಅಳತೆಯ ಜಾಗ ಖಾಲಿ ಇತ್ತು. ನನಗಿಂತ ಹಿಂದಿನವರು ಅಂದಾಜಿನಲ್ಲಿ ಒಂದು ಹಿಡಿ ಪೌಡರ್ ಹಾಕಿಸಿ ಹೋಗುತ್ತಿದ್ದರಂತೆ. ನಾನು ಹಾಗಲ್ಲ, ಪಕ್ಕಾ ಲೆಕ್ಕದವನು. ಹಾಲಮ್ಮನ ಕೈಗೆ ಹಗ್ಗ ಕೊಟ್ಟೆ. ದುಂಡು ಗೋಡೆಯ ಈ ಒಳಅಂಚಿನಿಂದ ಆ ಒಳಅಂಚಿಗೆ ಹಗ್ಗ ಹಿಡಿದು ಗಂಟು ಹಾಕು ಎಂದೆ. ಇನ್ನೊಂದು ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಬಿಟ್ಟು, ಒದ್ದೆಯಾದಲ್ಲಿಗೆ ಗಂಟು ಹಾಕು ಎಂದೆ. ಅವಳು ಎರಡನ್ನೂ ಮಾಡಿ ಹಗ್ಗಗಳನ್ನು ಮರದ ಹತ್ತಿರ ತಂದಳು. ನಾನು ಬೀದಿಯಲ್ಲಿ ಹಗ್ಗ ಚಾಚಿ ಟೇಪು ಹಿಡಿದೆ. ವ್ಯಾಸ ಮೂರು ಮೀಟರ್. ನೀರಿನ ಆಳ ನಾಲ್ಕು ಮೀಟರ್.

ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಗ ಹಾಲಮ್ಮ ಕೇಳಿದಳು:

"ಬಾಯಿ ಅಗಲ ಅಷ್ಟೇ ಸಾಕೇನ್ರಿ, ಸರ? ಒಳಗ ಕತ್ಲ ಐತಿ, ಹೆಂಗೈತೋ ಏನೋ."

ನಾನು ತಲೆ ಎತ್ತಲೂ ಇಲ್ಲ. "ದುಂಡು ಬಾಯಿ ಅಂದಮ್ಯಾಲ ದುಂಡು ಬಾವಿ, ಟೀಚರ್. ಸಿಲಿಂಡರ್. ಮ್ಯಾಲೆಷ್ಟೋ ಕೆಳಗೂ ಅಷ್ಟ" ಎಂದೆ. ಅವಳು "ಆತ್ರಿ, ನೀವು ಓದಿದವ್ರು" ಎಂದು ಹಗ್ಗ ಸುತ್ತಿಟ್ಟಳು. ತೊಂಬತ್ತೊಂದು ಅಂಕದ ಕೊಬ್ಬು ಇದೇ.

ಲೆಕ್ಕ ಹೀಗೆ ಬಂತು: 28.26 ಘನ ಮೀಟರ್, ಅಂದರೆ ಇಪ್ಪತ್ತೆಂಟು ಸಾವಿರ ಲೀಟರಿಗೆ ಚೂರು ಹೆಚ್ಚು. ಪೌಡರ್ ಎಪ್ಪತ್ತೊಂದು ಗ್ರಾಂ. ರಿಜಿಸ್ಟರಿನಲ್ಲಿ ಬರೆದೆ. ಕೊನೆಯ ಕಾಲಂನಲ್ಲಿ "ಸ್ವತಃ ಅಳತೆ ಮಾಡಿದ್ದೇನೆ" ಎಂದು ಅಚ್ಚಾಗಿತ್ತು. ಅದರ ಕೆಳಗೆ ಸಹಿ ಹಾಕಿದೆ.

ಅಲ್ಲಿಂದ ಮುಂದೆ ವಾರವಾರ ಅದೇ ಪದ್ಧತಿ. ಮರದ ಕೆಳಗೆ ನಾನು ಬಕೆಟ್ಟಿನಲ್ಲಿ ಪೌಡರ್ ಕಲಸುತ್ತಿದ್ದೆ, ಸುಣ್ಣದಂಥ ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿಯುತ್ತಿದ್ದೆ. ಆ ಬಕೆಟ್ಟನ್ನು ನೆಲಕ್ಕಿಟ್ಟು ನಾನು ಎರಡು ಹೆಜ್ಜೆ ಹಿಂದೆ ಸರಿಯಬೇಕು, ಆಮೇಲೆ ಹಾಲಮ್ಮ ಬಂದು ಎತ್ತಿಕೊಳ್ಳಬೇಕು. ಮೂರನೆಯ ವಾರ ಅವಳಿಗೇ ಬೇಸರ ಬಂತೋ ಏನೋ, ನಾನು ಬಗ್ಗುವ ಮೊದಲೇ ಕೈಯಿಂದಲೇ ಕಸಿದುಕೊಂಡಳು. ಕಟ್ಟೆಯ ಮೇಲಿಂದ ನೀಲಮ್ಮನ ದನಿ ಬಂತು: "ಏನವ್ವಾ, ಕಣ್ಣು ಹೋಗ್ಯಾವೇನು ನಿನಗ?" ಹಾಲಮ್ಮ ತಿರುಗಿಯೂ ನೋಡದೆ, "ಬಕೆಟ್ಟು ಗೌರ್ಮೆಂಟಿಂದು, ಅತ್ತಿ" ಎಂದು ಹೋಗಿ ಸುರಿದಳು. ಆ ವಾರದಿಂದ ಅವಳು ಕೈಯಿಂದಲೇ ತೆಗೆದುಕೊಂಡಳು.

ಒಂದು ತಾಸು ಬಿಟ್ಟು ಅವಳು ಒಂದು ಲೋಟ ನೀರು ತಂದುಕೊಡುತ್ತಿದ್ದಳು. ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ನಮ್ಮ ಬಳಿ ಒಂದು ದ್ರಾವಣ ಇರುತ್ತದೆ. ನೀರಿಗೆ ಕೆಲವು ಹನಿ ಹಾಕಿದರೆ ಹಳದಿ ಬರಬೇಕು. ಬರುತ್ತಿತ್ತು. ಯಾಕೆ ಬರುವುದಿಲ್ಲ? ಅವಳು ಔಷಧಿ ಸುರಿದದ್ದೂ ಅದೇ ಬಾಯಿಯ ಕೆಳಗೆ, ನೀರು ಸೇದಿದ್ದೂ ಅದೇ ಬಾಯಿಯ ಕೆಳಗಿಂದ. ನಾನು ಹಳದಿ ನೋಡಿ ಸಮಾಧಾನದಿಂದ ಸೈಕಲ್ ಹತ್ತುತ್ತಿದ್ದೆ. ಹೋಗುವ ದಾರಿಯಲ್ಲಿ, ಊರ ಹೊರಗಿನ ನಮ್ಮವರ ಕಾಲೋನಿಯ ದುರುಗಪ್ಪಜ್ಜನ ಮನೆಯಲ್ಲಿ ಚಹಾ. ಎಪ್ಪತ್ತರ ಮುದುಕ, ಕಲ್ಲು ಒಡೆದು, ಕಲ್ಲು ಹೊತ್ತು ಬದುಕಿದವನು. ಅವನ ಹತ್ತಿರ ಮಳೆ, ಬೆಳೆ, ಬಸ್ಸು, ಮೊಮ್ಮಗಳ ಮದುವೆ ಎಲ್ಲ ಮಾತಾಡಿದ್ದೇನೆ. ಬಾವಿಯ ಮಾತು ಒಂದು ದಿನವೂ ಎತ್ತಲಿಲ್ಲ. ಕಾಲೋನಿಗೆ ಬೇರೆ ಕೈಪಂಪ್ ಇತ್ತು. ಮೇಲಿನ ಓಣಿಯ ಬಾವಿಯ ಬಗ್ಗೆ ಕಾಲೋನಿಯ ಮುದುಕನಿಗೆ ಏನು ಗೊತ್ತಿರುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಹೌದು, ನಾನೂ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಅದಾದ ನಾಲ್ಕೈದು ದಿನಕ್ಕೆ, ಮಂಗಳವಾರ ಬೆಳಿಗ್ಗೆ, ಆ ಊರಿನಲ್ಲಿ ಆರು ಜನಕ್ಕೆ ವಾಂತಿ-ಭೇದಿ ಎಂದು ಹಾಲಮ್ಮ ಆಳು ಕಳಿಸಿದಳು. ಬುಧವಾರ ಬೆಳಗಾಗುವಷ್ಟರಲ್ಲಿ ಹದಿನಾಲ್ಕು. ನಮ್ಮ ಡಾಕ್ಟರು ಶಾಲೆಯ ಎರಡು ಕೋಣೆ ಬಿಡಿಸಿ, ಮಂಚ ಹಾಕಿಸಿ, ಸಲೈನ್ ಬಾಟಲಿ ತೂಗುಹಾಕಿಸಿದರು. ನನಗೆ ಬಾವಿ ನೋಡಿಕೊಳ್ಳಲು ಹೇಳಿದರು. ನಾನು ಲೆಕ್ಕದ ಪ್ರಕಾರ ಎರಡರಷ್ಟು, ನೂರಾ ನಲವತ್ತೊಂದು ಗ್ರಾಂ ತೂಗಿ ಕಲಸಿದೆ. ಹಾಲಮ್ಮ ಸುರಿದಳು.

ಹೆಂಗಸರು ಕೊಡ ಹಿಡಿದು ನಿಂತಿದ್ದರು, ಸೇದಲು ಒಲ್ಲರು. ನೀರು ಔಷಧಿ ವಾಸನೆ ಹೊಡೆಯುತ್ತದೆ, ಹೊಲದ ಹಳ್ಳದಿಂದಲೇ ತರುತ್ತೇವೆ ಎಂದರು. ಹಳ್ಳದ ನೀರು ಇನ್ನೂ ಕೆಟ್ಟದ್ದು. ಹಾಲಮ್ಮ ಮರದ ಹತ್ತಿರ ಬಂದು ಕೇಳಿದಳು:

"ಕುದಿಸಿ ಕುಡೀರಿ ಅನ್ನಬೇಕೇನ್ರಿ, ಸರ? ಕಟ್ಟಿಗಿ ಎಲ್ಲಾ ತೋಯ್ದಾವು, ಯಾರೂ ಕುದಿಸಂಗಿಲ್ಲ."

"ಡಬಲ್ ಹಾಕೀವಿ, ಟೀಚರ್. ಒಂದು ತಾಸು ಬಿಟ್ಟು ಕುಡಿದ್ರ ಏನೂ ಆಗಲ್ಲ."

"ಖರೇ?"

"ಲೆಕ್ಕ ಹಾಕೀನಲ್ರಿ."

ಒಂದು ತಾಸಾದ ಮೇಲೆ ಅವಳು ಕಟ್ಟೆಯ ಮೇಲೆ ಎಲ್ಲರೆದುರು ಒಂದು ಕೊಡ ಸೇದಿದಳು. ತಂಬಿಗೆ ತುಂಬಿಕೊಂಡು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ನೋಡ್ರವ್ವಾ, ನಾನೇನು ಸತ್ನಾ? ಕುಡೀರಿ, ಏನಾಗಂಗಿಲ್ಲ" ಎಂದಳು. ಹೆಂಗಸರು ನಕ್ಕರು. ಕೊಡಗಳು ಬಾವಿಗಿಳಿದವು.

ಗುರುವಾರ ಇಪ್ಪತ್ತಾರು. ನನಗೆ ತಲೆ ಕೆಟ್ಟಿತು. ಎರಡರಷ್ಟು ಹಾಕಿದರೂ ಏರುತ್ತಿದೆ ಎಂದರೆ ಏನರ್ಥ? ಪೌಡರ್ ಹಳೆಯದಿರಬಹುದು ಎಂದುಕೊಂಡು ಹೊಸ ಡಬ್ಬ ತರಿಸಿದೆ. ಹಳ್ಳದ ನೀರು ಕುಡಿದವರಿರಬಹುದು ಎಂದು ಮನೆಮನೆ ವಿಚಾರಿಸಿದೆ, ಬಾಗಿಲ ಹೊರಗೆ ನಿಂತು. ಎಲ್ಲವನ್ನೂ ಅನುಮಾನಿಸಿದೆ, ನನ್ನ ರಿಜಿಸ್ಟರಿನ ಒಂದು ಸಾಲನ್ನು ಬಿಟ್ಟು. ಕಾಲೋನಿಯಲ್ಲಿ ಮಾತ್ರ ಒಬ್ಬರಿಗೂ ಏನೂ ಆಗಿರಲಿಲ್ಲ.

ಅದನ್ನು ಊರು ಗಮನಿಸಿತ್ತು. ಶುಕ್ರವಾರ ಬೆಳಿಗ್ಗೆ ನಾನು ಶಾಲೆಯ ಅಂಗಳಕ್ಕೆ ಸೈಕಲ್ ನಿಲ್ಲಿಸುವಷ್ಟರಲ್ಲಿ ಇಪ್ಪತ್ತು ಮೂವತ್ತು ಜನ ಸುತ್ತುವರಿದರು. ಒಬ್ಬ ನನ್ನ ಅಂಗಿಯ ಕಾಲರ್ ಹಿಡಿದ.

"ಏನ್ ಕಲಸೀಯಲೇ ಬಾವಿಗೆ? ನಿಮ್ಮ ಕೇರ್ಯಾಗ ಒಬ್ಬನೂ ಬಿದ್ದಿಲ್ಲ, ನಮ್ಮವ್ರೇ ಯಾಕ ಬೀಳಾಕತ್ಯಾರ?"

 ಬ್ಲೀಚಿಂಗ್ ಪೌಡರ್, ಇಲಾಖೆ, ಗ್ರಾಂ ಎಂದು ಏನೇನೋ ತೊದಲಿದೆ. ಕೆನ್ನೆಗೆ ಒಂದು ಏಟು ಬಿತ್ತು. ಚನ್ನಬಸಪ್ಪನವರು ಅಲ್ಲೇ ಇದ್ದರು. ತಡೆಯಲಿಲ್ಲ, ಹೊಡೆಯಲೂ ಇಲ್ಲ. ಆಗ ಶಾಲೆಯ ವರಾಂಡದಿಂದ ದನಿ ಬಂತು. ಹಾಲಮ್ಮ ಮಂಚದ ಮೇಲೆ ಮಲಗಿದ್ದಳು. ಹಿಂದಿನ ಸಂಜೆಯಿಂದ ಅವಳಿಗೂ ಹಿಡಿದಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ಕಣ್ಣು ಗುಳಿ ಬಿದ್ದಿದ್ದವು. ಸೂಜಿ ಚುಚ್ಚಿದ್ದ ಕೈಯನ್ನೇ ಎತ್ತಿ ಅವಳು ಕೂಗಿದಳು:

"ಬಿಡ್ರೋ ಅವ್ರನ್ನ! ಬಾವಿಗೆ ಹಾಕಿದಾಕಿ ನಾನು. ಅವ್ರು ಬಾವಿ ಮುಟ್ಟೇ ಇಲ್ಲ. ಕಟ್ಟಿ ಸೈತ ಹತ್ತಿಲ್ಲ. ನಾನ ಅಳದೀನಿ, ನಾನ ಸುರುವೀನಿ. ಹೊಡೀರಿ ಬರ್ರಿ, ನನ್ನ ಹೊಡೀರಿ."

ಕಾಲರ್ ಬಿಟ್ಟರು. ಮಂಚದ ತಲೆಯ ಕಡೆ ಕೂತಿದ್ದ ನೀಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಡಾಕ್ಟರು ಹೊರಗೆ ಬಂದು ಎಲ್ಲರನ್ನೂ ಗದರಿಸಿ ಕಳಿಸಿದರು. ಆ ಗದ್ದಲದಲ್ಲಿ ನಾನು ಅವಳ ಹತ್ತಿರ ಹೋಗಿ ಒಂದು ಮಾತು ಆಡಲಿಲ್ಲ. ವರಾಂಡದ ಮೆಟ್ಟಿಲ ಹತ್ತಿರ ನಿಂತೆ. ನಿಲ್ಲುವುದು ಅಷ್ಟು ರೂಢಿಯಾಗಿ ಹೋಗಿತ್ತು.

ಮಧ್ಯಾಹ್ನ ಅವಳ ನಾಡಿ ಸಿಗುತ್ತಿಲ್ಲ ಎಂದು ಜೀಪಿಗೆ ಹಾಕಿದರು. ಕೂಡ್ಲಿಗಿ ಇನ್ನೂ ನಾಲ್ಕು ಕಿಲೋಮೀಟರ್ ಇದ್ದಾಗ ಜೀವ ಹೋಯಿತು. ಆ ಸಲ ಒಟ್ಟು ಮೂವತ್ತೇಳು ಜನ ಹಾಸಿಗೆ ಹಿಡಿದರು. ಸತ್ತವಳು ಅವಳೊಬ್ಬಳೇ. ಅವಳು ಆ ನೀರನ್ನು ಮೊದಲಿಂದಲೂ ಕುಡಿಯುತ್ತಿದ್ದಳು, ಬುಧವಾರದ ಆ ತಂಬಿಗೆಯೇ ಕಾರಣ ಎಂದು ಹೇಳಲಾಗದು ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದರು. ಹೌದು, ಹೇಳಲಾಗದು. ಅಲ್ಲ ಎಂದೂ ಹೇಳಲಾಗದು.

ಶನಿವಾರ ಬಾವಿ ಖಾಲಿ ಮಾಡಿಸಿ ತಳ ತೊಳೆಯಬೇಕೆಂದು ತೀರ್ಮಾನವಾಯಿತು. ಒಂದು ಡೀಸೆಲ್ ಇಂಜಿನ್ ತಂದರು. ತಾಸಿಗೆ ಸುಮಾರು ಮೂವತ್ತು ಸಾವಿರ ಲೀಟರ್ ಎತ್ತುತ್ತದೆ ಎಂದು ಇಂಜಿನ್‌ನವನು ಹೇಳಿದ. ಬಾವಿಯಲ್ಲಿರುವುದು ಇಪ್ಪತ್ತೆಂಟು ಸಾವಿರ, ಒಂದು ತಾಸಿನಲ್ಲಿ ತಳ ಕಾಣುತ್ತದೆ ಎಂದು ನಾನು ಡಾಕ್ಟರಿಗೆ ಹೇಳಿದೆ. ತಾಸು ಕಳೆಯಿತು. ನೀರು ಒಂದು ಮೊಳವೂ ಇಳಿದಿರಲಿಲ್ಲ. ಎರಡನೆಯ ತಾಸು. ಇಂಜಿನ್‌ನವನು ಪೈಪು ನೋಡಿದ, ವಾಲ್ವ್ ನೋಡಿದ. ಎಲ್ಲ ಸರಿಯಾಗಿತ್ತು. ನೀರು ಬರುತ್ತಲೇ ಇತ್ತು. 

ತಳದ ಹೂಳು ತೆಗೆಯಲು ಆಳು ಬೇಕಿತ್ತು. ಮೇಲಿನ ಓಣಿಯಿಂದ ಒಬ್ಬರೂ ಮುಂದೆ ಬರಲಿಲ್ಲ. ಚನ್ನಬಸಪ್ಪನವರು ಕಾಲೋನಿಗೆ ಹೇಳಿಕಳಿಸಿದರು. ಹೊಲಸು ತೆಗೆಯುವುದಿದ್ದರೆ ನಮ್ಮವರು ಕಟ್ಟೆ ಹತ್ತಬಹುದು, ಬಾವಿಯೊಳಗೂ ಇಳಿಯಬಹುದು. ಆರು ಜನ ಬಂದರು. ಅವರನ್ನು ಕರೆದುಕೊಂಡು ಬಂದ ದುರುಗಪ್ಪಜ್ಜ ನನ್ನ ಪಕ್ಕ, ಬೇವಿನ ಮರದ ಕೆಳಗೆ ನಿಂತು ಇಂಜಿನ್ನಿನ ಕಡೆ ನೋಡಿ ಹೇಳಿದ:

"ಸಂಜೀತಂಕ ಹೊಡೀಬೇಕು ತಮ್ಮಾ ಅದು. ಸಣ್ಣ ಬಾವೇನು?"

"ಮೂರು ಮೀಟರ್ ಅಗಲ ಐತಲ್ಲಜ್ಜ."

"ಬಾಯಿ ಮೂರು ಮೀಟ್ರ. ಅದು ದುಂಡು ಬಾವಿ ಎಲ್ಲೈತಿ? ಚೌಕ ಬಾವಿ. ನಾಕೂ ಕಡೆ ಮೆಟ್ಲ ಅದಾವು. ದನ ಬೀಳ್ತಾವಂತ ಹನ್ನೆರಡು ವರ್ಷದ ಹಿಂದ ಮ್ಯಾಲೆ ಚಪ್ಪಡಿ ಹೊದಿಸಿ, ನಡುವ ದುಂಡಗ ಗ್ವಾಡಿ ಎಬ್ಬಿಸಿದ್ರು. ಆ ಚಪ್ಪಡಿ ಹೊತ್ತಾವ ನಾನ."

ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಟ್ಟೆ ನೆಲವಲ್ಲ, ಬಾವಿಯ ಮುಚ್ಚಳ. ಕಾಯಿಲೆ ಮಕ್ಕಳ ಬಟ್ಟೆ ಒಗೆದ ನೀರು ಚಪ್ಪಡಿಗಳ ಸಂದಿನಿಂದ ನೇರ ಕುಡಿಯುವ ನೀರಿಗೇ ಇಳಿಯುತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಕಟ್ಟೆ ಹತ್ತಿ ಗೋಡೆಯಿಂದ ಬಗ್ಗಿ ಟಾರ್ಚ್ ಬಿಟ್ಟಿದ್ದರೆ ನನಗೆ ಕಾಣುತ್ತಿತ್ತು.

"ನನಗ ಯಾಕ ಹೇಳಲಿಲ್ಲಜ್ಜ?" ಎಂದೆ. ದನಿ ಸಿಟ್ಟಿನದೇ ಇತ್ತು.

ಅಜ್ಜ ನನ್ನ ಮುಖ ನೋಡಿದ. "ನೀನು ಕೇಳಲೇ ಇಲ್ಲಲ್ಲಪ" ಎಂದ.

ಐದೂವರೆ ತಾಸಿಗೆ ತಳ ಕಂಡಿತು. ಆ ಆರು ಜನರ ಜೊತೆ ನಾನೂ ಅಂಗಿ ಬಿಚ್ಚಿ ಇಳಿದೆ. ಯಾರೂ ತಡೆಯಲಿಲ್ಲ. ಅವತ್ತು ಆ ಬಾವಿಯನ್ನು ಇಂಚಿಂಚು ಅಳೆದೆ. ನೀರು ನಿಂತಿದ್ದ ಗುರುತಿನ ಹತ್ತಿರ ಒಂಬತ್ತು ಮೀಟರ್ ಚೌಕ. ಮೆಟ್ಟಿಲು ಇಳಿಯುತ್ತಾ ಕಿರಿದಾಗಿ, ತಳದಲ್ಲಿ ಮೂರು ಮೀಟರ್ ಚೌಕ. ಆಳ ಅದೇ ನಾಲ್ಕು. ತುದಿ ಕತ್ತರಿಸಿ ಬೋರಲು ಹಾಕಿದ ಪಿರಮಿಡ್ ಅದು. ಗಣಿತದಲ್ಲಿ ಭಿನ್ನಕ ಎನ್ನುತ್ತಾರೆ. ಮೇಲಿನ ಕ್ಷೇತ್ರಫಲ 81, ಕೆಳಗಿನದು 9, ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 27. ಮೂರೂ ಕೂಡಿದರೆ 117. ಅದನ್ನು ಆಳದಿಂದ ಗುಣಿಸಿ ಮೂರರಿಂದ ಭಾಗಿಸಿದರೆ 156 ಘನ ಮೀಟರ್. ಒಂದು ಲಕ್ಷ ಐವತ್ತಾರು ಸಾವಿರ ಲೀಟರ್. ನಾನು ಬರೆದದ್ದಕ್ಕಿಂತ ಐದೂವರೆ ಪಟ್ಟು. ವಾರವಾರ ಮುನ್ನೂರ ತೊಂಬತ್ತು ಗ್ರಾಂ ಹಾಕಬೇಕಾದಲ್ಲಿ ಎಪ್ಪತ್ತೊಂದು ಹಾಕಿಸಿದ್ದೆ. ಕಾಯಿಲೆ ಬಂದಾಗ ಏಳುನೂರ ಎಂಬತ್ತು ಬೇಕಿತ್ತು; ನೂರಾ ನಲವತ್ತೊಂದು ಹಾಕಿಸಿ, ಕುಡಿ ಎಂದಿದ್ದೆ. ಕೆಸರಿನಲ್ಲಿ ಮೊಣಕಾಲುದ್ದ ನಿಂತು ಮೇಲೆ ನೋಡಿದೆ. ಬೆಳಕು ದುಂಡಗೆ ಕಾಣುತ್ತಿತ್ತು. ಅಲ್ಲೇ ನಿಂತು ಅತ್ತೆ. ಕೂಡ ಇದ್ದವರು ನೋಡಿಯೂ ನೋಡದಂತೆ ಹೂಳು ಎತ್ತಿದರು.

ಮೂರು ವಾರದ ಮೇಲೆ ವಿಚಾರಣೆ. ಚನ್ನಬಸಪ್ಪನವರು ಹೇಳಿಕೆ ಕೊಟ್ಟರು: "ಇವ್ರು ಒಂದು ದಿನಾನೂ ಬಾವಿ ಹತ್ರ ಬಂದಿಲ್ರಿ, ಸಾಹೇಬ್ರ. ದೂರ ನಿಂತು ಹೋಗ್ತಿದ್ರು." ಅದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಹಾಲಮ್ಮ ಶಾಲೆಯ ವರಾಂಡದಲ್ಲಿ ಕೂಗಿ ಹೇಳಿದ್ದನ್ನೂ ನಾಲ್ಕು ಜನ ಸಾಕ್ಷಿಗಳು ಬರೆಸಿದ್ದರು. "ಅವರು ಬಾವಿ ಮುಟ್ಟೇ ಇಲ್ಲ, ನಾನೇ ಅಳೆದೆ" ಎಂದು. ಗುಂಪಿನಿಂದ ನನ್ನನ್ನು ಬಿಡಿಸಿದ ಮಾತೇ ಫೈಲಿನಲ್ಲಿ ನನ್ನ ಮೇಲಿನ ಆರೋಪವಾಗಿ ಕೂತಿತ್ತು. ಅವಳಿಗೆ ಅದು ಗೊತ್ತಾಗಲಿಲ್ಲ ಎಂಬುದೊಂದೇ ಸಮಾಧಾನ.

ವಿಚಾರಣೆಯ ಅಧಿಕಾರಿ ರಿಜಿಸ್ಟರ್ ನನ್ನ ಮುಂದೆ ತಿರುಗಿಸಿ, "ಸ್ವತಃ ಅಳೆದಿದ್ದೀರಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ಈ ಸಹಿ?" ನನ್ನದು ಎಂದೆ. ಕಾರಣ ಬರೆದುಕೊಡಿ ಎಂದರು.

ಹಿಂದಿನ ದಿನ ನಮ್ಮ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದಿದ್ದರು. ಕೆಟ್ಟವರಲ್ಲ. "ಕಟ್ಟೆ ಹತ್ತೋಕೆ ಬಿಡಲಿಲ್ಲ ಅಂತ ಬರೆದ್ರೆ ಪೊಲೀಸ್ ಕೇಸಾಗುತ್ತೆ. ಸಾವಾದ ಮನೆಯವರ ಮೇಲೂ ಬರುತ್ತೆ. ನಾಳೆ ನೀವು ಅದೇ ಊರಿಗೆ ಹೋಗಬೇಕಲ್ಲ? ನೋಡಿ, ನಿಮ್ಮಿಷ್ಟ" ಎಂದಿದ್ದರು. ನಾನು ಹಾಳೆಯ ಮೇಲೆ "ನನ್ನ ಅಜಾಗರೂಕತೆಯಿಂದ" ಎಂದು ಬರೆದು ಸಹಿ ಹಾಕಿದೆ. ಸಹಿ ಹಾಕುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ವಾಗ್ದಂಡನೆ ಎಂದು ಸೇವಾ ಪುಸ್ತಕದಲ್ಲಿ ಕೆಂಪು ಮಸಿಯಲ್ಲಿ ಬಂತು. ಅದು ಸುಳ್ಳೂ ಅಲ್ಲ. ಹಾಲಮ್ಮ ಕೇಳಿದ್ದಳು, ನಾನು ತಲೆ ಎತ್ತಲಿಲ್ಲ. ಅಜ್ಜನಿಗೆ ಗೊತ್ತಿತ್ತು, ನಾನು ಕೇಳಲಿಲ್ಲ. ಆದರೆ ಅರ್ಧ ನಿಜಕ್ಕೆ ಪೂರಾ ಸಹಿ ಹಾಕಿದ ಅವಮಾನ ಇವತ್ತಿಗೂ ಹೋಗಿಲ್ಲ.

ಆ ಮೇಲಿನ ವರ್ಷಗಳಲ್ಲಿ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯೆಲ್ಲ ಕೆಲಸ ಮಾಡಿದೆ. 2004ರಿಂದ ಹೊಸದಾಗಿ ಬಂದ ಆರೋಗ್ಯ ಸಹಾಯಕರಿಗೆ ತರಬೇತಿ ಕೊಡುವ ಕೆಲಸವೂ ನನ್ನ ಪಾಲಿಗೆ ಬಂತು. ಸಿಲಿಂಡರ್, ಶಂಕು, ಆಯತ ಘನ, ಭಿನ್ನಕ, ಎಲ್ಲದರ ಸೂತ್ರ ಬೋರ್ಡಿನ ಮೇಲೆ ಬರೆದುಕೊಡುತ್ತಿದ್ದೆ. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ಒಂದು ಮಾತು ಹೇಳುತ್ತಿದ್ದೆ: ಸೂತ್ರ ತಪ್ಪುವುದಿಲ್ಲ, ಆಕಾರ ಯಾವುದು ಎಂದು ತಿಳಿದುಕೊಂಡದ್ದು ತಪ್ಪಿರುತ್ತದೆ. ಒಳಗೆ ಹೋಗಿ ನೋಡದೆ ಯಾವ ಆಕಾರವನ್ನೂ ನಂಬಬೇಡಿ. ಹೋಗಲು ಬಿಡದಿದ್ದರೆ ಅಳತೆಯ ಜಾಗ ಖಾಲಿ ಬಿಡಿ. ಅದರ ಮುಂದೆ "ಬಿಡಲಿಲ್ಲ" ಎಂದು ಬರೆಯಿರಿ, ಯಾಕೆ ಬಿಡಲಿಲ್ಲ ಎಂದೂ ಬರೆಯಿರಿ. ಆ ಖಾಲಿ ಜಾಗದಿಂದ ನಿಮಗೆ ತೊಂದರೆ ಆಗಬಹುದು. ಆದರೆ ಒಬ್ಬರೂ ಸಾಯುವುದಿಲ್ಲ.  

ಬಾವಿ ತೊಳೆದ ಮೇಲಿನ ಮೊದಲ ವಾರದ ಒಂದು ಸಂಗತಿಯನ್ನು ಮಾತ್ರ ಅವರಿಗೆ ಹೇಳಲಿಲ್ಲ. ಹೂಳು ತೆಗೆಸಿದ ಮರುದಿನವೇ ಊರಿನವರು ಕಟ್ಟೆ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಗಂಗಮ್ಮನ ಪೂಜೆ ಮಾಡಿ ಬಾವಿಯನ್ನು ಶುದ್ಧ ಮಾಡಿಕೊಂಡಿದ್ದರು. ನಾನು ಮತ್ತೆ ಬೇವಿನ ಮರದ ಕೆಳಗೆ ಬಂದಿದ್ದೆ. ಪೌಡರ್ ತೂಗಿ ಕಲಸಿ, ಬಸಿದ ಬಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ತೆಗೆದುಕೊಂಡು ಹೋಗಲು ಬಹಳ ಹೊತ್ತು ಯಾರೂ ಬರಲಿಲ್ಲ. ಕೊನೆಗೆ ನೀಲಮ್ಮ ಕಟ್ಟೆ ಇಳಿದು ಬಂದಳು. ಸೊಸೆ ಸತ್ತು ಆರು ದಿನವಾಗಿತ್ತು. ನನ್ನ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಬಕೆಟ್ಟಿನೊಳಗೆ ನೋಡಿದಳು.

"ಈ ಸರ್ತಿ ಲೆಕ್ಕ ಸರಿ ಐತೇನಪ?"

"ಐತಿ, ಯಮ್ಮಾ. ಒಳಗ ಇಳಿದು ಅಳದೀನಿ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಬಕೆಟ್ಟನ್ನು ಅವಳ ಕಡೆ ಚಾಚಿದೆ.

"ಹಂಗಾರ ಇಡು ಅಲ್ಲಿ, ನೆಲಕ್ಕ" ಎಂದಳು.